537ನೇ ನಂಬರಿನ ಬಿಂಬುಳಿ

ಗ್ರಂಥಾಲಯ ಬೆಳೆಯುವ ಜೀವಿ ಅಂತ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಬರೆದಿಟ್ಟಿದ್ದಾರೆ. ಉಡುಪಿಯ ಮಳೆಗಾಲದಲ್ಲಿ ಇದಕ್ಕೆ ಬೇರೆ ಸಾಕ್ಷಿ ಬೇಡ. ಪುಸ್ತಕಗಳ ಬೆನ್ನ ಮೇಲೆ ಬೂಷ್ಟು ದಿನಾ ಬೆಳೆಯುತ್ತದೆ. ಈಗ ನಮ್ಮ ಶಾಲೆಯ ಲೈಬ್ರರಿಯಲ್ಲಿ ‘ಮಾಡಿ ಕಲಿ’ ಮೂಲೆಯೂ ಬೆಳೆದಿದೆ. ಹೆಡ್‌ಮಾಸ್ಟ್ರು ಎಲ್ಲೋ ಅಟಲ್ ಟಿಂಕರಿಂಗ್ ಲ್ಯಾಬ್, ಅಂದರೆ ಮಕ್ಕಳು ಕೈಯಾರೆ ಮಾಡಿ ಕಲಿಯಲೆಂದು ಸರ್ಕಾರದ ಯೋಜನೆಯಲ್ಲಿ ಶಾಲೆಗೆ ಬರುವ ಪ್ರಯೋಗಾಲಯ, ನೋಡಿ ಬಂದಿದ್ದರು. ತ್ರೀಡಿ ಪ್ರಿಂಟರಿಗೆ ದುಡ್ಡಿರಲಿಲ್ಲ. ಹಾಗಾಗಿ ನನಗೊಂದು ಮೇಜು ಕೊಟ್ಟರು. ಅದರ ಒಂದು ಕಾಲು ಗಿಡ್ಡ.

ಮೊದಲಿಗೆ ನಿಂಬೆಹಣ್ಣಿನ ಬ್ಯಾಟರಿ ಮಾಡಿ ಎಲ್‌ಇಡಿ ಎಂಬ ಪುಟ್ಟ ದೀಪ ಹೊತ್ತಿಸೋಣ ಅಂದುಕೊಂಡೆವು. ನಿಂಬೆಯ ರೇಟು ಕೇಳಿ ಸುಮ್ಮನಾದೆವು. ಏಳನೇ ಕ್ಲಾಸಿನ ಹುಡುಗನೊಬ್ಬ, “ಟೀಚರ್, ಬಿಂಬುಳಿ ಆಗ್ತದಾ? ನಮ್ಮ ಮನೇಲಿ ಬಿದ್ದು ಕೊಳೀತಾ ಉಂಟು” ಎಂದ. ಬಿಂಬುಳಿ ಅಂದರೆ ಪುಟ್ಟ ಹಸಿರು ಹುಳಿಕಾಯಿ; ಹುಳಿ ಇದ್ದರಾಯಿತು, ಆಗದೆ ಏನು? ಮರುದಿನ ಒಂದು ಚೀಲ ಬಂತು.

ತಗಡಿನ ಶೀಟಿಗೆ ಹೊಡೆಯುವ ಸತು ಬಳಿದ ಮೊಳೆ ಒಂದು ತುದಿಗೆ, ಸಿಪ್ಪೆ ಸುಲಿದ ತಾಮ್ರದ ವಯರು ಇನ್ನೊಂದು ತುದಿಗೆ. ಚುಚ್ಚಿದ್ದೇ ತಡ, ರಸ ಚಿಮ್ಮಿ ಸ್ಟಾಕ್ ರಿಜಿಸ್ಟರಿನ ‘ಬೆಲೆ’ ಕಾಲಮ್ಮಿಗೇ ಬಿತ್ತು. ಶಾಯಿ ಹರಡಿ, ನಮ್ಮ ದೊಡ್ಡ ನಿಘಂಟಿನ ಬೆಲೆ ಈಗ ಮೂರು ರೂಪಾಯಿಯೋ ಮೂರು ಸಾವಿರವೋ, ಆಡಿಟಿನವರೇ ಹೇಳಬೇಕು.

ಎಲ್‌ಇಡಿ ಮಾತ್ರ ಹೊತ್ತಲಿಲ್ಲ. ಒಂದು ಬಿಂಬುಳಿಯಿಂದ ಒಂದು ವೋಲ್ಟೂ ಬರುವುದಿಲ್ಲ. ಕೆಂಪು ಎಲ್‌ಇಡಿಗೆ ಹೆಚ್ಚುಕಡಿಮೆ 1.8 ವೋಲ್ಟ್ ಬೇಕು. “ಪುಸ್ತಕ ನೋಡಿ” ಎಂದೆ. ಲೈಬ್ರರಿಯಲ್ಲಿ ಪುಸ್ತಕ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ 537 ಅಂದರೆ ವಿದ್ಯುತ್ತಿನ ಪುಸ್ತಕಗಳ ನಂಬರು. ಜಿರಳೆ ಬಿಟ್ಟರೆ ಯಾರೂ ಹೋಗದ ಆ ಕಪಾಟಿಗೆ ಮಕ್ಕಳೆಲ್ಲ ಒಟ್ಟಿಗೇ ನುಗ್ಗಿದರು. ಸರಣಿಯಲ್ಲಿ ಜೋಡಿಸಬೇಕಂತೆ! ಒಂದರ ಮೊಳೆಗೆ ಮುಂದಿನದರ ತಾಮ್ರ, ಹೀಗೆ ನಾಲ್ಕು. ಆದರೂ ಇಲ್ಲ. “ಉದ್ದ ಕಾಲು ತಾಮ್ರದ ಕಡೆಗೆ ಮಾರಾಯಾ!” ಎಂದು ಹುಡುಗಿಯೊಬ್ಬಳು ಎಲ್‌ಇಡಿ ತಿರುಗಿಸಿದಳು. ಹೊತ್ತಿತು. ಅದನ್ನು ನೋಡಲು ಕಿಟಕಿ ಮುಚ್ಚಬೇಕಾಯಿತು, ಅದು ಬೇರೆ ವಿಷಯ.

‘ನಿಶ್ಶಬ್ದ’ ಎಂಬ ಬೋರ್ಡಿನ ಕೆಳಗೇ ಎದ್ದ ಕಿರುಚಾಟಕ್ಕೆ ಪಕ್ಕದ ಕ್ಲಾಸಿನಿಂದ ಗಣಿತದ ಮಾಸ್ಟ್ರು ಓಡಿ ಬಂದರು. ಹಾವು ಬಂತೆಂದುಕೊಂಡು ಕೈಯಲ್ಲಿ ಉದ್ದದ ಸ್ಕೇಲು ಬೇರೆ. ಬಂದವರು ಸ್ಕೇಲು ಕೆಳಗಿಟ್ಟು, ಐದನೆಯದನ್ನು ತಾವೇ ಜೋಡಿಸಲು ಕೂತರು. ಅವರ ಕ್ಲಾಸು ಬಾಗಿಲಲ್ಲಿ ನಿಂತಿತ್ತು.

ಬೆಲ್ ಆದ ಮೇಲೆ ಬಿಸಿಯೂಟದ ಅಕ್ಕ ಬಂದರು. “ಎಂತ ಟೀಚರೇ, ಇಷ್ಟು ಬಿಂಬುಳಿ ಸುಮ್ನೆ ಹಾಳು ಮಾಡುದಾ? ಕೊಡಿ, ಚಟ್ನಿಗೆ ಆಗ್ತದೆ.” ಚುಚ್ಚಿದ್ದರಲ್ಲಿ ಸತು, ತಾಮ್ರ ಇಳಿದಿರುತ್ತದೆ, ತಿನ್ನಬಾರದು ಎಂದು ಹೇಳಿ, ಚೀಲದಲ್ಲಿ ಉಳಿದದ್ದನ್ನು ಕೊಟ್ಟೆ. ಅಕ್ಕ ಒಂದೊಂದನ್ನೂ ತಿರುಗಿಸಿ ತೂತು ಹುಡುಕಿದರು. ಆಮೇಲೆ ಬೆರಳ ತುದಿಯಿಂದ ಒಂದನ್ನು ಮೆಲ್ಲ ಮುಟ್ಟಿ, “ಕರೆಂಟು ಹೊಡೆಯುದಿಲ್ಲ ಅಲ್ವಾ?” ಎಂದು ಕೇಳಿ, ಸೆರಗಿಗೆ ತುಂಬಿಕೊಂಡರು.