ಮೂಗು ಓಡುತ್ತಾ, ಸೋರುತ್ತಾ?

ಹೋದ ಚಳಿಗಾಲದ ಒಂದು ಭಾನುವಾರ. ನನ್ನ ಆರು ವರ್ಷದ ಮಗಳು ತಿಪಟೂರಿನಲ್ಲಿರುವ ಅಜ್ಜಿಯ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಿದ್ದಳು. ಮಧ್ಯದಲ್ಲಿ ಟಿಶ್ಯೂ ಎಳೆದುಕೊಂಡು, “ಅಜ್ಜಿ, ನನ್ ಮೂಗು ಓಡ್ತಾ ಇದೆ” ಅಂದಳು. ನನ್ನ ಅಮ್ಮನಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ, “ನೆಗಡಿ ಆಯ್ತಾ ಪುಟ್ಟಿ? ಮೂಗು ಸೋರ್ತಿದ್ಯಾ?” ಅಂತ ಕೇಳಿದರು. ಮಗಳು “ಸೋರ್ತಿದೆ” ಅಂತ ಮೆಲ್ಲಗೆ ಒಂದು ಸಲ ಹೇಳಿ ನೋಡಿದಳು. ಆ ಪದ ಅವಳಿಗೆ ಹೊಸದು.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ ಮೂಗು ಓಡುತ್ತೆ. ಅವಳು ಹೇಳಿದ್ದು ಕನ್ನಡದ ಪದಗಳೇ, ಆದರೆ ಮಾತು ಇಲ್ಲಿಯದು. ಅವತ್ತಿನಿಂದ ‘ರನ್’ ಅನ್ನೋ ಪದ ನನ್ನ ತಲೆ ಬಿಟ್ಟು ಹೋಗಿಲ್ಲ.

ಸ್ಕೂಲಿನಲ್ಲಿ ನಮಗೆ ಕಲಿಸಿದ್ದು ರನ್ ಅಂದರೆ ಓಡು, ಅಷ್ಟೇ. ಇಲ್ಲಿ ಬಂದು ಪಕ್ಕದ ಮನೆಯ ಹಿರಿಯ ಹೆಂಗಸಿನ ಮಾತು ಕೇಳುತ್ತಾ ಕೇಳುತ್ತಾ ಅದರ ಹರವು ಗೊತ್ತಾಯಿತು. ಸ್ನಾನದ ತೊಟ್ಟಿಗೆ ನೀರು ಬಿಟ್ಟರೆ ರನ್. ಮನೆಯಲ್ಲಿ ಹಾಲು ಮುಗಿದರೆ ರನ್ ಔಟ್. ಕುರ್ಚಿಯಲ್ಲಿ ಕೂತೇ ಇದ್ದರೂ ಹೊರಡೋದು ತಡವಾದರೆ ರನ್ನಿಂಗ್ ಲೇಟ್. ಮಗ ಅಂಗಡಿ ನಡೆಸಿದರೆ ರನ್. ಅಪ್ಪನಿಗೂ ಅಜ್ಜನಿಗೂ ಇದ್ದ ಕಾಯಿಲೆ ತಮಗೂ ಬಂದರೆ ಅದೂ ಮನೆತನದಲ್ಲಿ ರನ್.

ಒಂದು ಸಲ ಊರಿಂದ ತಂದ ಕೆಂಪು ಶಾಲನ್ನು ಬಿಳಿ ಅಂಗಿಗಳ ಜೊತೆ ಮಶಿನ್ನಿಗೆ ಹಾಕಿಬಿಟ್ಟಿದ್ದೆ. ಹಿತ್ತಿಲ ತಂತಿಗೆ ಅಂಗಿ ಒಣಹಾಕುವಾಗ ಅವರು ಬೇಲಿಯ ಆಚೆಯಿಂದ ನೋಡಿ, ಶಾಲು ರನ್ ಆಗಿದೆ ಅಂದರು. ಅಂಗಿಯ ಕಾಲರ್ ಸುತ್ತ ತಿಳಿ ಗುಲಾಬಿ, ತೋಳಿನ ಮಡಿಕೆಯಲ್ಲಿ ಸ್ವಲ್ಪ ಗಾಢ. ನಮ್ಮಲ್ಲಿ ಬಣ್ಣ ಓಡಲ್ಲ. ಬಟ್ಟೆ ಬಣ್ಣ ಬಿಡುತ್ತೆ. ಅವರ ಕಣ್ಣು ಹರಿದು ಹೋಗುವ ಬಣ್ಣದ ಮೇಲೆ, ನಮ್ಮ ಕಣ್ಣು ಬಣ್ಣವನ್ನು ಹಿಡಿದುಕೊಳ್ಳಲಾಗದ ಬಟ್ಟೆಯ ಮೇಲೆ. ನಡೆದದ್ದು ಒಂದೇ. ಮೂಗಿನ ವಿಷಯವೂ ಹಾಗೇ ಅಲ್ವಾ? ನಮಗೆ ಅದು ಮಳೆಗಾಲದ ಹೆಂಚಿನ ಮನೆಯ ಹಾಗೆ ಸೋರುತ್ತೆ.

ಇಂಗ್ಲಿಷ್ ಆಡುವವರೆಲ್ಲ ಒಂದೇ ಕಡೆಯಿಂದ ನೋಡುತ್ತಾರೆ ಅಂತಲೂ ಇಲ್ಲ. ಅಮೆರಿಕದಲ್ಲಿ ಎಲೆಕ್ಷನ್‌ಗೆ ‘ರನ್’ ಮಾಡುತ್ತಾರೆ. ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್’. 2024ರ ಚುನಾವಣೆಯಲ್ಲಿ ಬಾಗಿಲ ಸಂದಿಯಿಂದ ಬಿದ್ದ ಪಾಂಪ್ಲೆಟ್ ಓದಿದಾಗ ನನಗೆ ಸುಮ್ನೆ ಖುಷಿಯಾಯಿತು. ನಮ್ಮೂರಲ್ಲೂ ಎಲೆಕ್ಷನ್‌ಗೆ ನಿಲ್ಲೋದೇ.

ಈ ಒಂದು ಪದಕ್ಕೆ ಇಂಗ್ಲಿಷಿನವರು ಎಷ್ಟು ಬೆವರು ಸುರಿಸಿದ್ದಾರೆ ಅನ್ನೋದನ್ನ ಹೇಳಲೇಬೇಕು. ಇಲ್ಲಿಂದ ಆಕ್ಸ್‌ಫರ್ಡ್ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿ ಬ್ಯಾನ್‌ಬರಿ ರಸ್ತೆಯ 78ನೇ ನಂಬರಿನ ಮನೆಯ ಮುಂದೆ ಒಂದು ಕೆಂಪು ಅಂಚೆ ಡಬ್ಬಿ ಇದೆ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ಇದ್ದ ಮನೆ ಅದು. ಹಿತ್ತಿಲಲ್ಲಿ ಒಂದು ತಗಡಿನ ಶೆಡ್ಡು ಕಟ್ಟಿಕೊಂಡು, ಅದರಲ್ಲಿ ಕೂತು ಪದಗಳ ಚೀಟಿ ಜೋಡಿಸುತ್ತಿದ್ದರು. ಎಲ್ಲೆಲ್ಲಿಂದಲೋ ಓದುಗರು ಪುಸ್ತಕದ ಸಾಲುಗಳನ್ನು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ಮರ್ರೆ 1915ರಲ್ಲಿ ತೀರಿಕೊಂಡರು. ನಿಘಂಟು ಪೂರ್ತಿಯಾಗಿದ್ದು 1928ರಲ್ಲಿ. 1989ರ ಎರಡನೇ ಆವೃತ್ತಿ 20 ಸಂಪುಟ. ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಅನ್ನೋ ಪುಟ್ಟ ಪದಕ್ಕೆ, 430 ಅರ್ಥ. ಆಮೇಲೆ ‘ರನ್’ ಅದನ್ನ ಹಿಂದೆ ಹಾಕಿತು. ಪೀಟರ್ ಗಿಲಿವರ್ ಅನ್ನೋ ನಿಘಂಟುಕಾರರು ಒಂಬತ್ತು ತಿಂಗಳು ಈ ಒಂದು ಪದದ ಮೇಲೆ ಕೂತು, ಬರೀ ಕ್ರಿಯಾಪದಕ್ಕೇ 645 ಅರ್ಥ ಗುರುತಿಸಿದರು.

ಆ ಮನೆಯ ಮುಂದೆ ನಿಂತಾಗ ನನಗೆ ಅನಿಸಿದ್ದು ಇದು. ಇಷ್ಟು ಅರ್ಥ ಬಂದಿರೋದು ದೊಡ್ಡ ಪದಕ್ಕಲ್ಲ. ಮನೆಯಲ್ಲಿ ದಿನವಿಡೀ ಆಡುವ ಮೂರಕ್ಷರದ ಪದಕ್ಕೆ. ಉಗಿ ಯಂತ್ರ ಬಂತು, ಕಾರ್ಖಾನೆ ಬಂತು, ಕಂಪ್ಯೂಟರ್ ಬಂತು. ಪ್ರತಿ ಸಲವೂ ಅವರು ಈ ಹಳೇ ಪದವನ್ನೇ ಹೊಸ ಕೆಲಸಕ್ಕೆ ಕಳಿಸಿದರು. ಯಂತ್ರವೂ ಓಡಿತು, ಪ್ರೋಗ್ರಾಮೂ ಓಡಿತು.

ನಮ್ಮಲ್ಲೂ ಇದೇ ಕೆಲಸ ನಡೆದಿದೆ. ಬಸ್ಸು ಓಡಿತು, ಸಿನಿಮಾ ನೂರು ದಿನ ಓಡಿತು, ಪರೀಕ್ಷೆಯಲ್ಲಿ ತಲೆ ಓಡಲಿಲ್ಲ. ಆದರೆ ರನ್‌ಗೆ ಸರಿಸಾಟಿಯಾಗಿ ನಿಲ್ಲುವ ಪದ ನಮ್ಮಲ್ಲಿ ಓಡು ಅಲ್ಲ. ನನ್ನ ಲೆಕ್ಕದಲ್ಲಿ ಅದು ‘ಹೊಡೆ’. ಹಳಗನ್ನಡದ ಪೊಡೆ. ಎರಡೂ ಪದ ಒಂದೇ ಕಡೆ ಸೇರೋದು ಕ್ರಿಕೆಟ್ಟಿನಲ್ಲಿ. 1996ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ನಮ್ಮ ದ್ರಾವಿಡ್ ಮೊದಲ ಟೆಸ್ಟ್ ಆಡಿದಾಗ 95 ರನ್ ‘ಹೊಡೆದ’. ಇಂಗ್ಲಿಷಿನವರು ಓಡಿದ್ದನ್ನ ಎಣಿಸಿದರೆ ನಾವು ಹೊಡೆದದ್ದನ್ನ ಎಣಿಸುತ್ತೀವಿ.

ಹೊಡೆ ಎಲ್ಲೆಲ್ಲಿ ಹೋಗುತ್ತೆ ನೋಡಿ. ಗೋಡೆಗೆ ಸುಣ್ಣ ಹೊಡೆ, ಮೊಳೆ ಹೊಡೆ. ಸೈಕಲ್ಲಿಗೆ ಗಾಳಿ ಹೊಡೆ, ಹಾರ್ನ್ ಹೊಡೆ, ಎತ್ತಿನ ಗಾಡಿ ಹೊಡೆ. ಬೆಳೆಗೆ ಔಷಧಿ ಹೊಡೆ, ಹೊಲಕ್ಕೆ ಗೊಬ್ಬರ ಹೊಡೆ, ಉತ್ತರ ಕರ್ನಾಟಕದಲ್ಲಾದರೆ ಕುಂಟೆ ಹೊಡೆ. ಕೆರೆಯಲ್ಲಿ ಈಜು ಹೊಡೆ, ಕಟ್ಟೆ ಮೇಲೆ ಹರಟೆ ಹೊಡೆ, ಪರೀಕ್ಷೆಗೆ ಉರು ಹೊಡೆ, ಕ್ಲಾಸಿಗೆ ಚಕ್ಕರ್ ಹೊಡೆ, ಗೊರಕೆ ಹೊಡೆ. ಇವೆಲ್ಲ ನಾವು ಹೊಡೆಯೋದು. ಇನ್ನು ತಾನಾಗೇ ಹೊಡೆಯೋದು ಬೇರೆ: ಬಿಸಿಲು, ಕರೆಂಟು, ಕೆಟ್ಟ ವಾಸನೆ, ಲಾಟರಿ. ಇವುಗಳಲ್ಲಿ ಯಾವುದರಲ್ಲೂ ಯಾರೂ ಯಾರಿಗೂ ಪೆಟ್ಟು ಕೊಡುತ್ತಿಲ್ಲ.

ಇಂಗ್ಲಿಷಿನಲ್ಲಿ ರನ್ ಪಕ್ಕಕ್ಕೆ ಔಟ್, ಇನ್‌ಟು, ಓವರ್, ಡೌನ್ ಅಂತ ಚಿಕ್ಕ ಪದ ಸೇರಿಸಿ ಅರ್ಥ ಹೊರಳಿಸುತ್ತಾರೆ. ನಾವು ಕ್ರಿಯಾಪದಕ್ಕೆ ಮುಂಚೆ ಒಂದು ವಸ್ತುವನ್ನ ಇಡುತ್ತೀವಿ. ಇಲ್ಲವೇ ಕ್ರಿಯಾಪದಕ್ಕೆ ಇನ್ನೊಂದು ಕ್ರಿಯಾಪದ ಕಟ್ಟುತ್ತೀವಿ. ಓಡಿ ಬಾ ಅಂದರೆ ಬೇಗ ಬಾ. ‘ಓಡಿ ಹೋದಳಂತೆ’ ಅಂದರೆ ಇಡೀ ಬೀದಿಗೆ ಅರ್ಥವಾಗುತ್ತೆ. ಓಡಾಟ ಅಂದರೆ ಕಚೇರಿಯಿಂದ ಕಚೇರಿಗೆ ಅಲೆಯೋದು. ದಾರಿ ಬೇರೆ, ಸಿರಿತನ ಒಂದೇ.

ನನ್ನ ಚಿಂತೆ ಇರೋದು ಇಲ್ಲೇ. ಭಾನುವಾರ ಒಂದು ಸಮುದಾಯ ಭವನದಲ್ಲಿ ನಾವು ನಾಲ್ಕೈದು ಮನೆಯವರು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೀವಿ. ಬಣ್ಣಗಳ ಹೆಸರು, ಪ್ರಾಣಿಗಳ ಹೆಸರು, ತರಕಾರಿ, ಒಂದರಿಂದ ನೂರು. ಮಕ್ಕಳು ಚೆನ್ನಾಗಿ ಕಲಿಯುತ್ತಾರೆ. ಆನೆ, ಒಂಟೆ, ಬದನೆಕಾಯಿ ಎಲ್ಲ ಬರುತ್ತೆ. ಆದರೆ ಮಾತಿಗೆ ಇಳಿದರೆ ಎಲ್ಲಕ್ಕೂ ಒಂದೇ ‘ಮಾಡು’. ಸ್ವಿಮ್ ಮಾಡ್ತೀನಿ, ಡ್ರಾ ಮಾಡ್ತೀನಿ, ಕ್ಲೈಂಬ್ ಮಾಡ್ತೀನಿ, ರನ್ ಮಾಡ್ತೀನಿ. ಈಜು, ಬಿಡಿಸು, ಹತ್ತು, ಓಡು ನಾಲ್ಕೂ ಹೋದವು.

ಮಾಡು ಕೆಟ್ಟ ಪದ ಅಂತ ನಾನು ಹೇಳುತ್ತಿಲ್ಲ. ಅಡುಗೆ ಮಾಡೋದು, ಊಟ ಮಾಡೋದು, ನಿದ್ದೆ ಮಾಡೋದು ಎಲ್ಲ ನಮ್ಮದೇ. ಬಸ್ಸು, ಟಿಕೆಟ್ಟು, ಫೋನು ಬಂದದ್ದರ ಬಗ್ಗೆಯೂ ನನಗೆ ಬೇಜಾರಿಲ್ಲ. ಹೆಸರುಗಳು ವಸ್ತುಗಳ ಜೊತೆ ಬರುತ್ತವೆ, ವಸ್ತುಗಳ ಜೊತೆ ಹೋಗುತ್ತವೆ. ಬೆನ್ನೆಲುಬು ಇರೋದು ಕ್ರಿಯಾಪದದಲ್ಲಿ. ‘ಕಟ್ ಮಾಡು’ ಅನ್ನೋದನ್ನೇ ತಗೊಳ್ಳಿ. ನನ್ನ ಅಮ್ಮ ತರಕಾರಿ ಹೆಚ್ಚುತ್ತಾರೆ, ಹೂ ಕೊಯ್ಯುತ್ತಾರೆ. ಬಟ್ಟೆ ಕತ್ತರಿಸುತ್ತಾರೆ. ಅಪ್ಪ ಮರ ಕಡಿಸಿ ಸೌದೆ ಸೀಳಿಸುತ್ತಿದ್ದರು. ಒಂದೊಂದು ಪದದಲ್ಲೂ ಕೈಯ ಚಲನೆ ಬೇರೆ, ಹಿಡಿದ ಸಾಮಾನು ಬೇರೆ. ಇಷ್ಟೂ ಈಗ ಕಟ್ ಮಾಡೋದು. ಇದು ಹೊರನಾಡಿನ ಮಕ್ಕಳ ರೋಗ ಮಾತ್ರ ಅಲ್ಲ. ಬೆಂಗಳೂರಿಗೆ ಹೋದಾಗಲೂ ಅಡುಗೆಮನೆಯಲ್ಲಿ ಇದನ್ನೇ ಕೇಳುತ್ತೀನಿ.

ನಮ್ಮ ಪದಗಳಿಗೂ ಜೀವ ತೇದವರು ಇದ್ದಾರೆ. ಜರ್ಮನಿಯಿಂದ ಬಂದ ಕಿಟ್ಟೆಲ್ 1894ರಲ್ಲಿ ನಿಘಂಟು ಕೊಟ್ಟರು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟ. ಅದಕ್ಕಾಗಿ ವರ್ಷಗಟ್ಟಲೆ ದುಡಿದ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬದುಕಿ 2021ರಲ್ಲಿ ಹೋದರು. ಅವರು ಕೂಡಿಟ್ಟ ಪದ ನಿಘಂಟಿನಲ್ಲಿದೆ ಸರಿ, ಮಕ್ಕಳ ಬಾಯಿಗೆ ಬರಬೇಕಾದರೆ ಮನೆಯಲ್ಲಿ ಯಾರಾದರೂ ಆಡಬೇಕು.

ಅದಕ್ಕೇ ಈಗ ನಮ್ಮ ಭಾನುವಾರದ ಪಾಠ ಬದಲಾಗಿದೆ. ಮೊದಲ ದಿನ ಬೋರ್ಡಿನ ಮೇಲೆ ‘ಹೊಡೆ’ ಅಂತ ಬರೆದು ಮಕ್ಕಳನ್ನ ಕೇಳಿದೆ. “ಬಿಸಿಲು ಹೊಡೆಯುತ್ತಾ ಅಂಕಲ್? ಯಾರಿಗೆ?” ಅಂದ ಒಬ್ಬ ಹುಡುಗ. ಜೂನ್ ತಿಂಗಳು, ಕಿಟಕಿಯ ಪರದೆ ಸರಿಸಿ ಅವನನ್ನ ಅಲ್ಲಿ ನಿಲ್ಲಿಸಿದೆ. ಕಣ್ಣು ಮುಚ್ಚಿಕೊಂಡ. “ಹೊಡೀತಿದೆ” ಅಂದ.

ಮನೆಯಲ್ಲೂ ಒಂದು ಹಾಳೆ ಶುರುವಾಯಿತು. ಪ್ರತಿ ವಾರ ಅಜ್ಜಿ ಫೋನಿನಲ್ಲಿ ಒಂದು ಹೊಸ ಹೊಡೆ ಕೊಡುತ್ತಾರೆ. ಮಗಳು ಸೊಟ್ಟ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸುತ್ತಾಳೆ. ಹೋದ ವಾರ ಅಮ್ಮ ಮಾತಿನ ಮಧ್ಯೆ, “ಸೆಕೆಗೆ ಹಾಲು ಒಡೆದು ಹೋಯ್ತು ಕಣೇ” ಅಂದರು. ಮಗಳು ಓಡಿ ಹೋಗಿ ಹಾಳೆಯಲ್ಲಿ ‘ಹಾಲು ಹೊಡೆ’ ಅಂತ ಸೇರಿಸಿಬಿಟ್ಟಳು. ಅದು ಹೊಡೆ ಅಲ್ಲ, ಒಡೆ, ಬೇರೆ ಪದ ಅಂತ ಹೇಳಿದೆ. ಸ್ವಲ್ಪ ಹೊತ್ತು ಎರಡನ್ನೂ ಗಟ್ಟಿಯಾಗಿ ಹೇಳಿ ನೋಡಿದಳು. ಆಮೇಲೆ ಅಳಿಸಿ, ಇನ್ನೊಂದು ಖಾಲಿ ಹಾಳೆ ಕೇಳಿದಳು. ಈಗ ಫ್ರಿಜ್ಜಿನ ಮೇಲೆ ಎರಡು ಹಾಳೆ ಇವೆ. ಎರಡನೆಯದರ ಮೇಲೆ ‘ಒಡೆ’ ಅಂತಿದೆ. ಮೊದಲ ಸಾಲು ಹಾಲು. ಅದರ ಕೆಳಗೆ, ಅವಳೇ ನೆನಪು ಮಾಡಿಕೊಂಡು ಬರೆದದ್ದು, ತೆಂಗಿನಕಾಯಿ.