ಅಂಗನವಾಡಿಯ ಕೆಲಸಕ್ಕೆ ಗಂಡಸರನ್ನೂ ತೆಗೆದುಕೊಳ್ಳಬೇಕೆ?

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಅಂದಿನಿಂದ ಇಂದಿನವರೆಗೆ ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯ ಸ್ಥಾನಗಳು ಆಯಾ ಊರಿನ ಹೆಣ್ಣುಮಕ್ಕಳಿಗೇ ಮೀಸಲು. ದಾವಣಗೆರೆ, ಚಿತ್ರದುರ್ಗ ಸೀಮೆಯ ಹಳ್ಳಿಗಳಲ್ಲಿ ಡಿಗ್ರಿ ಮುಗಿಸಿದ ಹುಡುಗರು ಅರಳಿಕಟ್ಟೆಯ ಮೇಲೆ ಕುಳಿತಿರುವ ಈ ಹೊತ್ತಿನಲ್ಲಿ ಈ ಕಟ್ಟಳೆಯನ್ನು ಸಡಿಲಿಸಬೇಕೆ ಎಂಬ ಪ್ರಶ್ನೆಗೆ ಎರಡು ಕಡೆಯ ವಾದಗಳು ಇಲ್ಲಿವೆ.

ಪರ

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲುಗಳಲ್ಲಿ ಕಾವಲಿಯ ಮುಂದೆ ನಿಲ್ಲುವವರು ಬಹುಮಟ್ಟಿಗೆ ಗಂಡಸರು. ಹಿಟ್ಟಿನ ಹದ, ಬೆಂಕಿಯ ಹದ, ಬೆಣ್ಣೆಯ ಅಳತೆ ಎಲ್ಲವೂ ಅವರ ಕೈಗೆ ಹತ್ತಿದೆ. ಅದೇ ಗಂಡಸು ಮನೆಗೆ ಬಂದು ತಟ್ಟೆಯ ಮುಂದೆ ಕುಳಿತರೆ ನೀರಿನ ಲೋಟವನ್ನೂ ಇನ್ನೊಬ್ಬರು ತಂದಿಡಬೇಕು. ಆದ್ದರಿಂದ ಇಂಥ ಕೆಲಸ ಗಂಡಸಿನ ಕೈಗೆ ಬರುವುದಿಲ್ಲ ಎಂಬ ಮಾತನ್ನು ಮೊದಲೇ ಬದಿಗಿಡಬಹುದು. ಮುಟ್ಟುವ, ಹತ್ತಿರ ಸುಳಿಯುವ ಸಂಕೋಚದ ಮಾತೂ ಹೆಚ್ಚು ದೂರ ನಡೆಯುವುದಿಲ್ಲ. ತಲೆತಲಾಂತರದಿಂದ ಬಸುರಿಯ ಕೈ ಹಿಡಿದು ಹಸಿರು ಬಳೆ ತೊಡಿಸಿದವನು ಬಳೆಗಾರ. ಸೂಲಗಿತ್ತಿಯರ ಕೈಯಲ್ಲಿದ್ದ ಹೆರಿಗೆ ಆಸ್ಪತ್ರೆ ಸೇರಿದ ಮೇಲೆ ಗಂಡು ವೈದ್ಯರೂ ಹೆರಿಗೆ ಮಾಡಿಸುತ್ತಾರೆ, ಬಾಣಂತಿಯ ಮನೆಯವರು ಅವರ ಕಾಲಿಗೆ ಬೀಳುತ್ತಾರೆ. ವಾರ್ಡಿನಲ್ಲಿ ‘ಬ್ರದರ್, ಡ್ರಿಪ್ ಮುಗೀತು’ ಎಂದು ಕೂಗಿ ಕರೆಯುವುದು ರೋಗಿಯ ಕಡೆಯವರಿಗೆ ಈಗ ಮಾಮೂಲು. ಏಮ್ಸ್ ಸಂಸ್ಥೆಗಳ ನರ್ಸಿಂಗ್ ಆಫೀಸರ್ ನೇಮಕಾತಿಯಲ್ಲಿ ನೂರಕ್ಕೆ 20 ಸ್ಥಾನಗಳು ಪುರುಷರಿಗಿವೆ. ಕೋಟು ತೊಟ್ಟ ಗಂಡಸು ಮಗುವನ್ನು ಎತ್ತಿಕೊಂಡರೆ ಗೌರವ, ಮಗುವಿನ ಮೂಗು ಒರೆಸಲು ಎತ್ತಿಕೊಂಡರೆ ಅನುಮಾನ ಎಂದಾದರೆ, ನಮ್ಮ ಆಕ್ಷೇಪ ಗಂಡಸಿನ ಬಗ್ಗೆ ಇರುವುದಕ್ಕಿಂತ ಕೆಲಸದ ದರ್ಜೆಯ ಬಗ್ಗೆಯೇ ಇದೆ.

ಅಂಗನವಾಡಿಗೆ ಬರುವ ಮಗುವಿನ ವಯಸ್ಸು ಮೂರರಿಂದ ಆರು. ಅಕ್ಷರಕ್ಕಿಂತ ಮೊದಲು ಅದು ಕಲಿಯುವುದು ಯಾರು ಬಡಿಸುತ್ತಾರೆ, ಯಾರು ತೊಳೆಯುತ್ತಾರೆ, ಯಾರು ಬೈಕಿನಲ್ಲಿ ತಂದು ಬಾಗಿಲಲ್ಲಿ ಇಳಿಸಿ ಹೊರಟುಹೋಗುತ್ತಾರೆ ಎಂಬುದನ್ನು. ಮನೆಯಲ್ಲಿ ಅವ್ವ, ಅಂಗನವಾಡಿಯಲ್ಲಿ ಟೀಚರ್ ಮತ್ತು ಆಯಾ, ಶಾಲೆಗೆ ಹೋದರೆ ಬಿಸಿಯೂಟದ ಅಡುಗೆಯವರು ಹೀಗೆ ಎಲ್ಲರೂ ಹೆಂಗಸರೇ ಆದಾಗ, ಹತ್ತು ವರ್ಷ ತುಂಬುವ ಹೊತ್ತಿಗೆ ಹುಡುಗನಿಗೆ ಪಾಠ ಪೂರ್ತಿಯಾಗಿರುತ್ತದೆ. ಅದರ ಫಲ ಅಂಕಿಗಳಲ್ಲೂ ಕಾಣುತ್ತದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ, ತೊಡಗುವ ಗಂಡಸರು ಕೊಡುವುದು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಹೆಂಗಸರ ಹೊರೆ ಹತ್ತು ನಿಮಿಷ ಇಳಿದಿರುವುದು ನಿಜ, ಆದರೆ ಗಂಡಸರ ಪಾಲೂ ಒಂಬತ್ತು ನಿಮಿಷ ಇಳಿದಿರುವುದರಿಂದ ಆ ಹೊರೆಯನ್ನು ಅವರು ಹೊತ್ತುಕೊಂಡರೆಂದು ಹೇಳಲು ಬಾಯಿ ಬರುವುದಿಲ್ಲ.

ಮನೆಯಲ್ಲೇ ಉಳಿದು ಮಕ್ಕಳನ್ನು ನೋಡಿಕೊಳ್ಳುವ ಗಂಡಸರು ನಮ್ಮ ನಡುವೆ ಇಲ್ಲವೆಂದಲ್ಲ. ಚಿತ್ರದುರ್ಗದ ನಮ್ಮ ಓಣಿಯಲ್ಲೇ ಅಂಥವರೊಬ್ಬರಿದ್ದಾರೆ. ಹೆಂಡತಿಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ. ರಿಬ್ಬನ್ನಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವರು ಮಗಳ ಎರಡು ಜಡೆಗಳನ್ನು ಮಡಚಿ ಕಟ್ಟುತ್ತಾರೆ, ಬೈತಲೆ ಸೊಟ್ಟಗಾದರೆ ಮಗಳು ಕನ್ನಡಿ ನೋಡಿ ‘ಅಪ್ಪಾ, ಬಿಚ್ಚಿ ಇನ್ನೊಂದ್ಸಲ ಹಾಕು’ ಎಂದು ಕಾಲು ಅಪ್ಪಳಿಸುತ್ತಾಳೆ. ಓಣಿಯ ಜನ ಅವರಿಗೆ ‘ಅಮ್ಮಾವ್ರ ಗಂಡ’ ಎಂದು ಹೆಸರಿಟ್ಟಿದ್ದಾರೆ. ಇದೇ ಊರಿನ ಕೋಟೆಯಲ್ಲಿ ಊಟಕ್ಕೆ ಕುಳಿತ ಗಂಡನ ಬದಲು ಒನಕೆ ಹಿಡಿದು ಕಿಂಡಿ ಕಾದ ಓಬವ್ವನ ಜಯಂತಿಯನ್ನು 2021ರಿಂದ ಪ್ರತಿ ನವೆಂಬರ್ 11ರಂದು ಸರ್ಕಾರವೇ ಆಚರಿಸುತ್ತಿದೆ. ಗಂಡಸಿನ ಕೆಲಸ ಮಾಡಿದ ಹೆಣ್ಣಿಗೆ ಮೆರವಣಿಗೆ, ಹೆಣ್ಣಿನ ಕೆಲಸ ಮಾಡಿದ ಗಂಡಿಗೆ ಲೇವಡಿ. ಸರ್ಕಾರ ಗಂಡಸೊಬ್ಬನಿಗೆ ಮಕ್ಕಳ ಆರೈಕೆಯ ನೇಮಕಾತಿ ಆದೇಶವನ್ನು ಕೈಗಿತ್ತರೆ ಆ ಲೇವಡಿಯ ಅರ್ಧ ಬಲ ಅಲ್ಲೇ ಕುಂದುತ್ತದೆ.

ಸಂವಿಧಾನದ 15(3)ನೇ ವಿಧಿ ಮಹಿಳೆಯರಿಗಾಗಿ ವಿಶೇಷ ಏರ್ಪಾಡು ಮಾಡಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ, ಆದರೆ ಅದನ್ನು ಎಂದೆಂದಿಗೂ ಪೂರ್ತಿಯಾಗಿಯೇ ಇಡಬೇಕೆಂದು ಕಡ್ಡಾಯ ಮಾಡುವುದಿಲ್ಲ. ನೂರಕ್ಕೆ ಹತ್ತು ಸ್ಥಾನಗಳನ್ನು ತೆರೆದು ನೋಡುವುದರಿಂದ ಯೋಜನೆಯೇನೂ ಮುಳುಗುವುದಿಲ್ಲ. ತಾಯ್ತನದ ಸೇವೆ ಎಂದು ಹೊಗಳುತ್ತಲೇ ಸಂಬಳದ ಬದಲು ಗೌರವಧನ ಕೊಟ್ಟು ಐವತ್ತು ವರ್ಷ ಸಾಗಿಸಿದ್ದು ಸಾಧ್ಯವಾದದ್ದು ಇದು ಹೆಂಗಸರದೇ ಕೆಲಸ ಎಂಬ ಲೆಕ್ಕದಿಂದ. ಗಂಡಸರೂ ಸಾಲಿನಲ್ಲಿ ನಿಂತ ದಿನ ಆ ಲೆಕ್ಕ ಕೆಡುತ್ತದೆ.

ವಿರೋಧ

ಗಂಡಸರು ಆರೈಕೆ ಕಲಿಯಬೇಕು ಎಂಬಲ್ಲಿ ನನ್ನ ತಕರಾರಿಲ್ಲ, ತಕರಾರಿರುವುದು ಅವರನ್ನು ಯಾವ ಬಾಗಿಲಿನಿಂದ ಒಳಗೆ ಬಿಡಬೇಕು ಎಂಬುದರಲ್ಲಿ. ಗಂಡಸರೆಲ್ಲರ ಮೇಲೂ ಸಂಶಯಪಟ್ಟು ಮಕ್ಕಳ ಸುರಕ್ಷತೆಯ ಹೆಸರಿನಲ್ಲಿ ಅವರನ್ನು ದೂರವಿಡುವ ವಾದವೊಂದಿದೆ. ಅದನ್ನು ನಾನು ಎತ್ತುವುದಿಲ್ಲ, ಅದು ಅನ್ಯಾಯದ ವಾದ.

ದೋಸೆಯ ಕಾವಲಿಯ ಉದಾಹರಣೆಯನ್ನೇ ಮತ್ತೊಮ್ಮೆ ನೋಡೋಣ. ಗಂಡಸು ಅಲ್ಲಿ ನಿಂತದ್ದು ಅಲ್ಲಿ ದುಡ್ಡು ಇದ್ದುದರಿಂದ. ಜೋಳ, ರಾಗಿ ಬೀಸುವುದು ಹೆಂಗಸರ ಕೆಲಸವಾಗಿತ್ತು. ಬೆಳಗಿನ ಜಾವ ಎದ್ದು ಬೀಸುಕಲ್ಲಿನ ಗೂಟ ಹಿಡಿದು ರಟ್ಟೆ ಸೋಲಿಸಿಕೊಂಡವರು ಅವರು. ಊರಿಗೆ ಹಿಟ್ಟಿನ ಗಿರಣಿ ಬಂದು ಬೀಸುವುದಕ್ಕೆ ಕಾಸು ಹುಟ್ಟಿದ ಕೂಡಲೇ ಗಿರಣಿಯ ಗುಂಡಿ ಒತ್ತುವವನು ಗಂಡಸಾದ, ಹೆಂಗಸು ಪುಟ್ಟಿ ಹೊತ್ತು ಸರದಿಯಲ್ಲಿ ನಿಂತಳು. ಮೊಳಕಾಲ್ಮೂರಿನ ನೇಕಾರರ ಮನೆಗಳಲ್ಲೂ ಮಗ್ಗದ ಕೂಲಿ ಸೀರೆಯ ಲೆಕ್ಕದಲ್ಲಿ ಗಂಡಸಿನ ಹೆಸರಿಗೆ ಬರುತ್ತದೆ, ದಿನವಿಡೀ ಕಂಡಿಕೆ ಸುತ್ತಿದ ಹೆಂಡತಿಯ ದುಡಿಮೆ ಅದರೊಳಗೇ ಕರಗಿಹೋಗುತ್ತದೆ. ಕೆಲಸ ಹಣವಾಗುವಾಗ ಯಾರ ಕೈಗೆ ದಾಟುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಜಗಳೂರಿನಂಥ ಮಳೆ ಕಾಣದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪಿಯುಸಿ ಓದಿದ, ಗಂಡನನ್ನು ಕಳೆದುಕೊಂಡ, ಬಸ್ಸು ಹತ್ತಿ ಪೇಟೆಗೆ ದುಡಿಯಲು ಹೋಗಲಾರದ ಹೆಣ್ಣುಮಗಳಿಗೆ ನಡೆದು ಹೋಗುವಷ್ಟು ದೂರದಲ್ಲಿ ಸಿಗುವ ಸರ್ಕಾರಿ ಕೆಲಸವೆಂದರೆ ಅಂಗನವಾಡಿ, ಆಶಾ ಮತ್ತು ಬಿಸಿಯೂಟ ಇಷ್ಟೇ. ಆಯ್ಕೆಯಲ್ಲಿ ವಿಧವೆಯರಿಗೆ, ವಿಚ್ಛೇದಿತೆಯರಿಗೆ, ಮಾಜಿ ದೇವದಾಸಿಯರಿಗೆ ಆದ್ಯತೆ ಕೊಟ್ಟಿರುವುದು ಈ ಕಾರಣಕ್ಕೇ. ಅರಳಿಕಟ್ಟೆಯ ಹುಡುಗನ ಮುಂದೆ ಹರಿಹರದ ಕಾರ್ಖಾನೆ, ಬೆಂಗಳೂರಿನ ಬಸ್ಸು, ಪೊಲೀಸ್ ಭರ್ತಿ, ಡ್ರೈವಿಂಗ್ ಲೈಸೆನ್ಸು ಇಷ್ಟಾದರೂ ದಾರಿಗಳಿವೆ. ನೂರಕ್ಕೆ ಹತ್ತೇ ಸ್ಥಾನ ಎಂಬ ಮಾತು ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ. ಆದರೆ ಊರಿಗೆ ಇರುವುದು ಒಂದೇ ಅಂಗನವಾಡಿ, ಆ ಊರಿನ ಪಾಲಿಗೆ ಹೋದದ್ದು ಪೂರ್ತಿ ಹೋದಂತೆ.

ಇನ್ನು ಕೆಲಸದ ಸ್ವರೂಪ. ಅಂಗನವಾಡಿಯೆಂದರೆ ಹಾಡು ಹೇಳಿಸಿ ಉಪ್ಪಿಟ್ಟು ಬಡಿಸುವ ಜಾಗ ಎಂದು ದೂರದಿಂದ ನೋಡುವವರು ತಿಳಿದಿದ್ದಾರೆ. ಮಗುವಿನ ತೋಳಿಗೆ ಮೂರು ಬಣ್ಣದ ಪಟ್ಟಿ ಸುತ್ತಿದಾಗ ಅಳತೆ 11.5 ಸೆಂಟಿಮೀಟರಿಗಿಂತ ಕೆಳಗೆ, ಕೆಂಪಿಗೆ ಬಂದು ನಿಂತರೆ, ಅಂದರೆ ಮಗುವಿಗೆ ತೀವ್ರ ಅಪೌಷ್ಟಿಕತೆ ಇದೆ ಎಂದಾದರೆ, ನಿಜವಾದ ಕೆಲಸ ಶುರುವಾಗುತ್ತದೆ. ಆ ಮಗುವನ್ನು ತಾಯಿಯ ಜೊತೆಗೆ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿ ಸುಮಾರು ಎರಡು ವಾರ ಇರಿಸಬೇಕು. ‘ಮನೆ ಯಾರ್ ನೋಡ್ಬೇಕವ್ವ, ದನಕ್ಕೆ ಹುಲ್ ಯಾರ್ ಹಾಕ್ಬೇಕು’ ಎಂದು ಅತ್ತೆ ಅಡ್ಡ ನಿಂತರೆ, ಕಾರ್ಯಕರ್ತೆ ಒಲೆಯ ಮುಂದೆ ಕುಳಿತು, ಕೊಟ್ಟ ಚಹಾ ಕುಡಿದು, ಎರಡು ದಿನ ಬಿಟ್ಟು ಮತ್ತೆ ಬಂದು ಒಪ್ಪಿಸುತ್ತಾಳೆ. ಸೊಸೆಯ ಎದೆಹಾಲು ಸಾಲುತ್ತಿದೆಯೇ, ಈ ತಿಂಗಳು ಮುಟ್ಟು ನಿಂತಿದೆಯೇ ಎಂಬ ಮಾತುಗಳು ಅಡುಗೆಮನೆಯಲ್ಲೇ ಬರುವಂಥವು, ಅವು ಜಗುಲಿಗೆ ಬರುವುದಿಲ್ಲ. ಬಳೆಗಾರ ಜಗುಲಿಯಲ್ಲಿ, ನಾಲ್ಕು ಜನರೆದುರು ಕುಳಿತು ಬಳೆ ತೊಡಿಸಿದ. ಆತನನ್ನು ಯಾರೂ ಒಳಕೋಣೆಗೆ ಕರೆಯಲಿಲ್ಲ.

ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನು, ಹಸಿಬಾಣಂತಿಯನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಅದು ಹೋಗಬೇಕು, ಆ ಮಾತು ಬೇರೆ. ಹೋಗುವವರೆಗೆ ಅಲ್ಲಿ ಕೂಸಿನ ಮೈ ಬೆಚ್ಚಗಿದೆಯೇ, ತಾಯಿಗೆ ರಕ್ತ ಹೆಚ್ಚು ಹೋಗುತ್ತಿದೆಯೇ ಎಂದು ಬಗ್ಗಿ ನೋಡಿ ಆಶಾಗೆ, ನರ್ಸಿಗೆ ಸುದ್ದಿ ಮುಟ್ಟಿಸಬೇಕಾದವರು ಬೇಕಲ್ಲ? ಆ ಗುಡಿಸಲಿನ ಬಾಗಿಲಿಗೆ ಪರಗಂಡಸೊಬ್ಬ ರಿಜಿಸ್ಟರ್ ಹಿಡಿದು ಬಂದು ನಿಂತರೆ ಆ ಹೆಣ್ಣುಮಗಳು ಬಾಯಿ ಬಿಡುತ್ತಾಳೆಂದು ನಂಬುವುದು ಕಷ್ಟ. ಗರ್ಭಿಣಿಯರು, ಬಾಣಂತಿಯರು ಕೇಂದ್ರಕ್ಕೇ ಬಂದು ಬಿಸಿಯೂಟ ಮಾಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಬಂದಾಗ, ದಿನವೂ ಮನೆ ಬಿಟ್ಟು ಅಷ್ಟು ದೂರ ನಡೆದು ಬಂದು ಉಣ್ಣಲು ಅವರು ಹಿಂಜರಿದರು. ಬಡಿಸುವವನು ಊರಿನ ಗಂಡುಹುಡುಗನಾದರೆ ಆ ಹಿಂಜರಿಕೆ ಕಡಿಮೆಯಾಗುವ ಸಂಭವವಂತೂ ಇಲ್ಲ.

ಗಂಡಸರು ಸಾಲಿನಲ್ಲಿ ನಿಂತರೆ ಗೌರವಧನ ಸಂಬಳವಾಗುತ್ತದೆ ಎಂಬ ವಾದ ನನಗೆ ಎಲ್ಲಕ್ಕಿಂತ ಕಹಿ ಎನಿಸಿತು. ಹೆಣ್ಣಿನ ದುಡಿಮೆಗೆ ಬೆಲೆ ಬರಲು ಪಕ್ಕದಲ್ಲಿ ಗಂಡಸು ಬಂದು ನಿಲ್ಲಬೇಕೆ? ಅಂಗನವಾಡಿ ಕಾರ್ಯಕರ್ತೆಯರು ಸಿವಿಲ್ ಹುದ್ದೆಯಲ್ಲಿರುವವರಲ್ಲ, ಅಂದರೆ ಸರ್ಕಾರದ ಕಾಯಂ ನೌಕರರ ಸಾಲಿಗೆ ಸೇರುವವರಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದು ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ. ಅದೇ ನ್ಯಾಯಾಲಯ 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಪ್ರಕರಣವೊಂದರಲ್ಲಿ, ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಸಲ್ಲಬೇಕೆಂದಿತು. ಆ ನಡುವಿನ ಹದಿನಾರು ವರ್ಷ ಬೀದಿಯಲ್ಲಿ ಕುಳಿತು, ಪೊಲೀಸ್ ವ್ಯಾನು ಹತ್ತಿ, ಕೋರ್ಟಿಗೆ ಅಲೆದವರು ಹೆಂಗಸರು. ಹುದ್ದೆ ಕಾಯಂ ಆಗುವ ಸೂಚನೆ ಕಂಡಾಗ ಪಾಲು ಕೇಳಲು ಬರುವವರನ್ನು ಸಮಾನತೆಯ ಹೆಸರಿನಲ್ಲಿ ಸ್ವಾಗತಿಸಲು ನನಗಂತೂ ಮನಸ್ಸಿಲ್ಲ.

ಜಡೆ ಹಾಕುವ ಆ ತಂದೆಯ ಬಗ್ಗೆ ನನಗೆ ಗೌರವವಿದೆ. ಆತ ಯಾವ ನೇಮಕಾತಿ ಆದೇಶಕ್ಕೂ ಕಾಯಲಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ಇಷ್ಟಾದರೂ ಗಂಡಸರಿಗೆ ಬಾಗಿಲು ತೆರೆಯಲೇಬೇಕೆಂದು ಸರ್ಕಾರ ನಿರ್ಧರಿಸಿದರೆ, ಮೊದಲು ತೆರೆಯಬೇಕಾದದ್ದು ಸಹಾಯಕಿಯ ಸ್ಥಾನ. ಕೇಂದ್ರ ಸರ್ಕಾರ 2018ರ ಅಕ್ಟೋಬರಿನಲ್ಲಿ ತನ್ನ ಪಾಲಿನ ಗೌರವಧನ ಏರಿಸಿದಾಗ ಕಾರ್ಯಕರ್ತೆಗೆ 4,500 ರೂಪಾಯಿ, ಸಹಾಯಕಿಗೆ ಅದರ ಅರ್ಧ, 2,250 ಎಂದು ನಿಗದಿ ಮಾಡಿತು. ಕಸ ಗುಡಿಸುವುದು, ನೀರು ತುಂಬುವುದು, ಪಾತ್ರೆ ತಿಕ್ಕುವುದು, ಚಡ್ಡಿಯಲ್ಲಿ ಮಾಡಿಕೊಂಡ ಮಗುವನ್ನು ತೊಳೆಯುವುದು ಆ ಸ್ಥಾನದ ಕೆಲಸ, ಮನೆಮನೆಗೆ ಹೋಗಿ ಬಾಣಂತಿಯನ್ನು ಮಾತಾಡಿಸುವ ತೊಡಕೂ ಅದರಲ್ಲಿ ಅಷ್ಟಾಗಿ ಇಲ್ಲ. ಎರಡು ಜಿಲ್ಲೆಗಳಲ್ಲಿ ಎಷ್ಟು ಗಂಡಸರು ಅರ್ಜಿ ಹಾಕುತ್ತಾರೆಂದು ನೋಡಿಕೊಂಡು ಉಳಿದ ಚರ್ಚೆಯನ್ನು ಮುಂದುವರಿಸಬಹುದು.