ಮುಯ್ಯಿ ಪುಸ್ತಕಕ್ಕೆ ಬರದ ಫ್ರಿಡ್ಜು

ಹೈಸ್ಕೂಲಿನಿಂದಲೂ ನಮ್ಮ ನೆಂಟರ ಮದುವೆಗಳಲ್ಲಿ ಮುಯ್ಯಿ ಬರೆಯುವ ಕೆಲಸ ನನ್ನದೇ. ಅಕ್ಷರ ದುಂಡಗಿದೆ ಅಂತ ದೊಡ್ಡಪ್ಪ ಒಂದು ಸಲ ಕೂರಿಸಿದರು. ಅಲ್ಲಿಂದ ತಪ್ಪಲೇ ಇಲ್ಲ. ತುಮಕೂರು, ಗುಬ್ಬಿ, ಕೊರಟಗೆರೆ ಕಡೆಯ ಎಷ್ಟು ಛತ್ರಗಳಲ್ಲಿ ಆ ಮೇಜಿನ ಹಿಂದೆ ಕೂತಿದ್ದೇನೋ ಲೆಕ್ಕವಿಲ್ಲ. ಉದ್ದನೆಯ ನೋಟ್‌ಬುಕ್, ಮೂಲೆಗಳಿಗೆ ಅರಿಶಿನ, ಮೊದಲ ಪುಟದ ಮೇಲೆ 'ಶ್ರೀ'. ಬಂದವರು ಹೆಸರು ಹೇಳುತ್ತಾರೆ, ಊರು ಹೇಳುತ್ತಾರೆ, ದುಡ್ಡು ಕೊಡುತ್ತಾರೆ. 101 ರೂಪಾಯಿ ಆಗಲಿ, 5,001 ಆಗಲಿ, ಸ್ಟೀಲ್ ಕೊಳಗ ಆಗಲಿ, ಎಲ್ಲವನ್ನೂ ಬರೆಯಬೇಕು. ಬಿಟ್ಟರೆ ಜನ ಸುಮ್ಮನಿರುವುದಿಲ್ಲ. ಬಗ್ಗಿ ನೋಡಿ, "ನಮ್ಮೂರು ಬರ್ದೇ ಇಲ್ವಲ್ಲಪ್ಪ" ಅಂತ ನಿಂತು ಬರೆಸಿಯೇ ಹೋಗುತ್ತಾರೆ.

ಯಾಕೆ ಬರೆಯುತ್ತೇವೆ? ಮುಯ್ಯಿ ಒಂದು ದಿನ ತೀರಿಸಲೇಬೇಕಾದದ್ದು, ಅದಕ್ಕೆ. ಅವರ ಮನೆಯ ಮದುವೆಗೆ ಹೊರಡುವ ಹಿಂದಿನ ರಾತ್ರಿ ನಮ್ಮಮ್ಮ ಅಟ್ಟದಿಂದ ಟ್ರಂಕ್ ಇಳಿಸಿ, ಹಳೇ ಪುಸ್ತಕದಲ್ಲಿ ಬೆರಳಿಟ್ಟು ಹುಡುಕುತ್ತಿದ್ದರು. ಅವರು 251 ಬರೆಸಿದ್ದಾರೆ ಅಂದರೆ ನಾವು ಅದಕ್ಕಿಂತ ಒಂದು ಕೈ ಜಾಸ್ತಿಯೇ ಬರೆಸಬೇಕು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ತೆಗೆದುಕೊಂಡದ್ದು ಋಣ ಅನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಈಗ ಬರೆಯಬೇಕು ಅಂತ ಕೂತ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬರು ವಾರ್ಡ್ ಸದಸ್ಯರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಯಾವ ಊರು, ಯಾರು ಅಂತ ಹೇಳುವುದಿಲ್ಲ. ಪರಿಚಯದವರು, ಒಳ್ಳೆಯ ಮನುಷ್ಯರು. ಅಲ್ಲೂ ಪುಸ್ತಕ ನನ್ನ ಕೈಗೇ ಬಂತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಡಬಲ್ ಡೋರ್ ಫ್ರಿಡ್ಜು. ಹಿಂದೆಯೇ ಕಾರಿನಲ್ಲಿ ಬಂದವರು ಅದೇ ಊರಲ್ಲಿ ಚರಂಡಿ, ಸಿಮೆಂಟ್ ರಸ್ತೆ ಮಾಡಿಸುವ ಕಂಟ್ರಾಕ್ಟರು. ನಾನು ಎಂದಿನಂತೆ ಹೆಸರು ಕೇಳಿದೆ. ಅವರು ಹೇಳಿದರು. ಅರ್ಧ ಬರೆದಿದ್ದೆ. ಅಷ್ಟರಲ್ಲಿ ಮನೆಯವರ ಬಾಮೈದ ಬಂದು ಪುಸ್ತಕದ ಮೇಲೆ ಕೈ ಇಟ್ಟರು. "ಇದನ್ನ ಬರೀಬೇಡಿ. ಇದು ಬೇರೆ" ಅಂದರು.

ನಾನು ಬರೆದಷ್ಟಕ್ಕೆ ಗೆರೆ ಎಳೆದೆ. ಮುಂದಿನ ಸಾಲಿನಲ್ಲಿ ಒಬ್ಬ ಹೂವಿನ ಅಜ್ಜಿಯ 51 ರೂಪಾಯಿ ಬರೆದೆ. ಇಷ್ಟು ವರ್ಷದಲ್ಲಿ ಬರೆಯಬೇಡಿ ಅಂತ ನನಗೆ ಯಾರಾದರೂ ಹೇಳಿದ್ದು ಅದೊಂದೇ ಸಲ.

ಅದು ಲಂಚ ಅಂತ ನಾನು ಹೇಳುತ್ತಿಲ್ಲ. ಇಬ್ಬರೂ ಒಟ್ಟಿಗೆ ಓದಿದವರಿರಬಹುದು. ಆದರೆ 'ಇದು ಬೇರೆ' ಅಂತ ಅವರಿಗೇ ಅನ್ನಿಸಿತಲ್ಲ, ಅಲ್ಲೇ ಇರುವುದು ನನ್ನ ಸಂಕಟ. ಅಜ್ಜಿಯ 51 ರೂಪಾಯಿಗೆ ತೀರಿಸಬೇಕಾದ್ದು ಏನು ಅಂತ ಪುಸ್ತಕ ನೋಡಿದರೆ ಗೊತ್ತಾಗುತ್ತದೆ. ಆ ಫ್ರಿಡ್ಜಿಗೆ ಏನು ತೀರಿಸಬೇಕು, ಯಾರ ದುಡ್ಡಿನಲ್ಲಿ ತೀರಿಸಬೇಕು ಅನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಮುಂದೆ ಆ ಕಂಟ್ರಾಕ್ಟರ ಬಿಲ್ಲು ಸಭೆಗೆ ಬಂದಾಗ ಇವರು ಕೈ ಎತ್ತಿದರೆ, ಎದುರಿಗೆ ಕೂತವರಿಗೆ ಫ್ರಿಡ್ಜಿನ ವಿಷಯವೇ ಗೊತ್ತಿರುವುದಿಲ್ಲ.

ಕಾಯ್ದೆಯೇ ಇಲ್ಲ ಅಂತಲ್ಲ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಪ್ರಕಾರ ಪ್ರತಿ ಸದಸ್ಯರೂ ಅವಧಿ ಶುರುವಾದ ಒಂದು ತಿಂಗಳೊಳಗೆ, ಆಮೇಲೆ ಪ್ರತಿ ವರ್ಷ ಅದೇ ತಿಂಗಳಲ್ಲಿ, ತಮ್ಮ ಮತ್ತು ಕೂಡುಕುಟುಂಬದವರ ಆಸ್ತಿ ವಿವರವನ್ನು ಮೇಯರ್‌ಗೆ ಕೊಡಬೇಕು. ಅದು ಪಾಲಿಕೆಯ ದಾಖಲೆ ಆಗುತ್ತದೆ. ಪಾಲಿಕೆಯ ಗುತ್ತಿಗೆಯಲ್ಲಿ ನೇರವಾಗಿಯೋ ಬೇರೆಯವರ ಮೂಲಕವೋ ಪಾಲು ಇಟ್ಟುಕೊಂಡರೆ ಸದಸ್ಯತ್ವಕ್ಕೇ ಕುತ್ತು.

ಇದು ಬರೀ ಕಾಗದದ ಮಾತೂ ಅಲ್ಲ. ಮೈಸೂರಿನಲ್ಲಿ 2018ರಲ್ಲಿ ಗೆದ್ದು ಆಮೇಲೆ ಮೇಯರ್ ಕೂಡ ಆದವರು ಚುನಾವಣೆಯ ಪ್ರಮಾಣಪತ್ರದಲ್ಲಿ ಗಂಡನ ಆಸ್ತಿ ಮುಚ್ಚಿಟ್ಟಿದ್ದಕ್ಕೆ ಸ್ಥಾನ ಕಳೆದುಕೊಂಡರು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಬೆಳಗಾವಿಯಲ್ಲಿ 2025ರ ಫೆಬ್ರವರಿಯಲ್ಲಿ ಇಬ್ಬರು ಸದಸ್ಯರನ್ನು ಪ್ರಾದೇಶಿಕ ಆಯುಕ್ತರು ಅನರ್ಹ ಮಾಡಿದರು. ಅಲ್ಲಿನ 'ತಿನಿಸು ಕಟ್ಟೆ' ಅನ್ನುವ ತಿಂಡಿ ಅಂಗಡಿಗಳ ಸಾಲಿನ ಮಳಿಗೆಗಳು ಅವರ ಹೆಂಡತಿಯರ ಹೆಸರಿನಲ್ಲಿದ್ದವು ಅನ್ನುವುದು ಕಾರಣ. ಆ ಆದೇಶದ ವಿರುದ್ಧ ಅವರು ಮೇಲೆ ಹೋದರು, ಅದು ಬೇರೆ ಮಾತು. ಗೆದ್ದ ತಿಂಗಳೇ 'ನನ್ನ ಮನೆಯವರ ಹೆಸರಲ್ಲಿ ಇಂಥಾ ಮಳಿಗೆ ಇದೆ' ಅಂತ ಎಲ್ಲರೂ ನೋಡುವ ಕಡೆ ಬರೆದಿಡುವ ರೂಢಿ ಇದ್ದಿದ್ದರೆ ವಿಷಯ ಅವತ್ತೇ ಇತ್ಯರ್ಥ ಆಗುತ್ತಿತ್ತಲ್ಲ?

ಆದರೆ ಆ ಆಸ್ತಿ ವಿವರದಲ್ಲಿ ಸೈಟು, ಮನೆ, ಒಡವೆ ಬರುತ್ತದೆ. ಯಾರು ಊಟ ಹಾಕಿಸಿದರು, ಯಾರು ತಿರುಪತಿಗೆ ಕಾರು ಮಾಡಿಕೊಟ್ಟರು, ಮಗಳ ಮದುವೆಗೆ ಛತ್ರದ ಬಾಡಿಗೆ ಯಾರು ಕಟ್ಟಿದರು, ಅದು ಬರುವುದಿಲ್ಲ. ಮೇಯರ್, ಅಧ್ಯಕ್ಷರ ಚುನಾವಣೆ ಹತ್ತಿರ ಬಂದರೆ ಸದಸ್ಯರನ್ನು ಬಸ್ ಮಾಡಿ ಪ್ರವಾಸಕ್ಕೆ, ರೆಸಾರ್ಟಿಗೆ ಕರೆದುಕೊಂಡು ಹೋಗುವುದು ನಮ್ಮ ರಾಜ್ಯದಲ್ಲಿ ಯಾರಿಗೂ ಹೊಸದಲ್ಲ. ನಾಲ್ಕು ದಿನದ ರೂಮು, ಊಟ, ಬಸ್ಸು. ಬಿಲ್ಲು ಕಟ್ಟಿದವರು ಯಾರು ಅಂತ ಓಟು ಹಾಕಿದ ನಮಗೆ ಗೊತ್ತಾಗಬೇಡವಾ?

ಇಂಗ್ಲೆಂಡಿನಲ್ಲಿ ಇದಕ್ಕೊಂದು ಪುಸ್ತಕವೇ ಇದೆ. 2011ರ ಲೋಕಲಿಸಂ ಕಾಯ್ದೆ ಪ್ರಕಾರ ಗೆದ್ದ ಕೌನ್ಸಿಲರ್ 28 ದಿನದೊಳಗೆ ತನ್ನ ಕೆಲಸ, ಜಮೀನು, ಕೌನ್ಸಿಲ್ ಜೊತೆಗಿರುವ ಗುತ್ತಿಗೆ, ಹೆಂಡತಿ ಅಥವಾ ಗಂಡನದೂ ಸೇರಿಸಿ ಬರೆಸಬೇಕು. ಅದು ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ. ಸುಮ್ಮನೆ ಮುಚ್ಚಿಟ್ಟರೆ ಅದೇ ಅಪರಾಧ. ಉಡುಗೊರೆ, ಔತಣದ ಮಾತು ಆ ಕಾಯ್ದೆಯಲ್ಲಿಲ್ಲ, ಕೌನ್ಸಿಲ್‌ಗಳು ಒಪ್ಪಿಕೊಳ್ಳುವ ನಡತೆ ನಿಯಮಗಳಲ್ಲಿದೆ. ಅಲ್ಲಿನ ಸ್ಥಳೀಯ ಸಂಸ್ಥೆಗಳ ಸಂಘ 2020ರಲ್ಲಿ ಕೊಟ್ಟ ಮಾದರಿಯಲ್ಲಿ 50 ಪೌಂಡ್, ಅಂದರೆ ನಮ್ಮ ಐದಾರು ಸಾವಿರ ರೂಪಾಯಿ ಬೆಲೆಯದ್ದಾದರೆ 28 ದಿನದೊಳಗೆ ಬರೆಸಬೇಕು ಅಂತಿದೆ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಮಾತು. ಬೇಡ ಅಂತ ವಾಪಸ್ ಕಳಿಸಿದ ದೊಡ್ಡ ಉಡುಗೊರೆಯನ್ನೂ ಬರೆಸಬೇಕು. ಯಾರು ಕೊಡಲು ಬಂದಿದ್ದರು ಅನ್ನುವುದೂ ಊರಿಗೆ ಗೊತ್ತಾಗಬೇಕಾದ ವಿಷಯವೇ.

"ನಮ್ಮಲ್ಲಿ ನಿಜ ಯಾರು ಬರೀತಾರೆ ಬಿಡಪ್ಪ" ಅಂತ ಗೆಳೆಯರು ಹೇಳುತ್ತಾರೆ. ಎಲ್ಲರೂ ಬರೆಯುವುದಿಲ್ಲ, ಒಪ್ಪುತ್ತೇನೆ. ಆದರೆ ಇವತ್ತು ಫ್ರಿಡ್ಜಿನ ವಿಷಯ ಹೊರಗೆ ಬಂದರೆ 'ಪ್ರೀತಿಯಿಂದ ಕೊಟ್ಟರು' ಅಂದರೆ ಮುಗಿಯಿತು. ಪುಸ್ತಕ ಇದ್ದರೆ ಮುಂದಿನ ಪ್ರಶ್ನೆ ಕೇಳಬಹುದು. ಪ್ರೀತಿಯಿಂದ ಕೊಟ್ಟದ್ದನ್ನು ಬರೆಸಲಿಲ್ಲ ಯಾಕೆ? ಆ ಒಂದು ಪ್ರಶ್ನೆಗಾದರೂ ಪುಸ್ತಕ ಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ ಯಾರೂ ಬರೆಸಬೇಕಾಗಿಲ್ಲ, ಅದನ್ನು ನಾನೂ ಕೇಳುತ್ತಿಲ್ಲ.

ಸದಸ್ಯರ ಕಷ್ಟವೂ ನನಗೆ ಗೊತ್ತು. ಒಳ್ಳೆಯ ಮುಹೂರ್ತದ ದಿನ ಅವರ ಕೈಯಲ್ಲಿ ಹತ್ತು ಲಗ್ನಪತ್ರಿಕೆ ಇರುತ್ತದೆ. ಹೋದ ಕಡೆಯೆಲ್ಲ ಸಾವಿರಕ್ಕೆ ಕಡಿಮೆ ಬರೆಸುವ ಹಾಗಿಲ್ಲ. ಗಣೇಶನ ಚಂದಾ, ಅಣ್ಣಮ್ಮನ ಉತ್ಸವ, ಯಾರದೋ ಆಸ್ಪತ್ರೆ ಖರ್ಚು, ಎಲ್ಲದಕ್ಕೂ ಮೊದಲು ಅವರ ಬಾಗಿಲು ತಟ್ಟುತ್ತೇವೆ. ಬರುವ ಗೌರವಧನ ಇದಕ್ಕೆಲ್ಲ ಎಲ್ಲಿ ಸಾಕಾಗುತ್ತದೆ? ಮುಯ್ಯಿ ಮೇಜಿನ ಹಿಂದೆ ಕೂತು ಅವರು ಬರೆಸುವ ಮೊತ್ತ ನೋಡುವಾಗ ನನಗೆ ಎಷ್ಟೋ ಸಲ ಬೇಜಾರಾಗಿದೆ. ಒಬ್ಬ ಕಂಟ್ರಾಕ್ಟರ ಮುಂದೆ ಅವರು ಮೆತ್ತಗಾಗುವುದರಲ್ಲಿ ನಮ್ಮ ಪಾಲೂ ಇದೆ.

ತುಮಕೂರು ಪಾಲಿಕೆಯ 35 ವಾರ್ಡುಗಳಿಗೆ 2018ರಲ್ಲಿ ಚುನಾವಣೆ ನಡೆಯಿತು. ಆ ಸದಸ್ಯರ ಅವಧಿ 2024ರ ಜನವರಿಯಲ್ಲಿ ಮುಗಿಯಿತು. ಹೊಸ ಸದಸ್ಯರು ಬರುವ ಹೊತ್ತಿಗೆ ಈ ಪುಸ್ತಕವನ್ನು ಶುರು ಮಾಡಬಹುದು. ಇದಕ್ಕೆ ಬೆಂಗಳೂರಿನಿಂದ ಆದೇಶ ಬರಲೇಬೇಕು ಅಂತೇನಿಲ್ಲ. ಗೆದ್ದವರು ಮೊದಲ ಸಭೆಯಲ್ಲಿ 'ನಾವು ಬರೆಸುತ್ತೇವೆ' ಅಂತ ತಾವೇ ನಿರ್ಣಯ ಮಾಡಿಕೊಳ್ಳಬಹುದು. ಕೋಲಾರ, ಚಿಕ್ಕಬಳ್ಳಾಪುರದ ನಗರಸಭೆಯವರೂ ಮಾಡಬಹುದು. ಆರ್‌ಟಿಐ ಅರ್ಜಿಗೆ 10 ರೂಪಾಯಿ ಕಟ್ಟಿ 30 ದಿನ ಕಾಯುವ ಹಾಗೆ ಇರಬಾರದು. ಪಾಲಿಕೆಯ ಬಾಗಿಲಲ್ಲೇ ಮೇಜಿನ ಮೇಲೆ ಇರಬೇಕು. ತೆರಿಗೆ ಕಟ್ಟಲು ಬಂದವರು ಪುಟ ತಿರುವಿ ನೋಡಿಕೊಂಡು ಹೋಗುವ ಹಾಗಿರಬೇಕು.

ಐದು ಕಾಲಂ ಸಾಕು. ತಾರೀಕು, ಕೊಟ್ಟವರ ಹೆಸರು, ಏನು ಕೊಟ್ಟರು, ಅಂದಾಜು ಬೆಲೆ. ಕೊನೆಯ ಕಾಲಂ ಸ್ವಲ್ಪ ಅಗಲ ಇರಲಿ. ಕೊಟ್ಟವರಿಗೆ ಪಾಲಿಕೆಯಲ್ಲಿ ಈಗ ಯಾವ ಕೆಲಸ ಇದೆ ಅಂತ ಅಲ್ಲಿ ಬರೆಯಬೇಕು. ಉದ್ದನೆಯ ನೋಟ್‌ಬುಕ್ ನಾನೇ ತಂದು, ಗೆರೆ ಹಾಕಿ ಕೊಡುತ್ತೇನೆ.